ಭಂಗಾರದ ರಾಶಿಯಲ್ಲಿ



ಡೊಂಬಿವಲಿಗೆ ಹೊಸದಾಗಿ ಬಂದು ನೆಲಸಿದ ಕನ್ನಡಿಗನು ಮೊದಲ ವಾರದಲ್ಲಿಯೇ ಬೆಚ್ಚಿ ಎದ್ದು ಕುಳಿತುಕೊಳ್ಳುವಂತಹ ಕೂಗೊಂದು ಆ ಊರಿನಲ್ಲುಂಟು. ಭಾನುವಾರದ ಬೆಳಗಿನಲ್ಲಿ ತಲೆಗೆ ಎಣ್ಣೆಯೊತ್ತಿಕೊಂಡು ಬಿಸಿನೀರಿಗಾಗಿ ಕಾದು ಕುಳಿತಿರುವಾಗ, ಕೆಳಗಿನ ಗಲ್ಲಿಯಲ್ಲಿ ಕೈಗಾಡಿಯನ್ನು ನೂಕಿಕೊಂಡು ಬರುವವನೊಬ್ಬನು ‘ಭಂಗಾರ್, ಭಂಗಾರ್’ ಎಂದು ರಾಗವೆಳೆದು ಕೂಗುತ್ತಾನೆ. ಗದಗಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ನನ್ನಂಥವನ ಕಿವಿಗೆ ಅದು ಚಿನ್ನವಾಗಿಯೇ ಕೇಳಿಸಿತು. ಕಿಟಕಿಗೆ ಓಡಿ ನೋಡಿದರೆ ಗಾಡಿಯಲ್ಲಿದ್ದುದು ಮುರಿದ ಛತ್ರಿಯ ಕಡ್ಡಿಗಳು, ತೂತುಬಿದ್ದ ಪಾತ್ರೆಗಳು, ಹಳೆಯ ವೃತ್ತಪತ್ರಿಕೆಗಳ ಕಟ್ಟು. ನಮ್ಮ ಬಂಗಾರಕ್ಕೂ ಮರಾಠಿಯ ಭಂಗಾರಕ್ಕೂ, ಎಂದರೆ ಹೊನ್ನಿಗೂ ಗುಜರಿಗೂ, ನಡುವೆ ಇರುವುದು ಒಂದು ಮಹಾಪ್ರಾಣದ ಅಂತರವಷ್ಟೆ. ಆ ಅಂತರದೊಳಗೆ ಕಾಲಿಟ್ಟು, ನಲವತ್ತು ವರ್ಷಗಳು ಕಳೆದರೂ ಹೊರಬರಲಾರದೆ ನಿಂತವನು ನಾನು. ಪ್ರಾಚೀನ ನಾಣ್ಯಗಳ ಹುಚ್ಚು ಮನುಷ್ಯನಿಗೆ ಹೇಗೆ ಹಿಡಿಯುತ್ತದೆಯೆಂಬುದನ್ನು ಕುರಿತು ಬಾನುಲಿಯಲ್ಲಿ ಮಾತನಾಡಬೇಕೆಂದು ನನ್ನನ್ನು ಕರೆದಿರುವುದೂ ಆ ಕಾರಣದಿಂದಲೇ ಇರಬೇಕು.

ನಾಣ್ಯಗಳನ್ನು ಕೂಡಿಡುವುದು ಬೇರೆ, ಸಂಗ್ರಹಿಸುವುದು ಬೇರೆ. ಕೂಡಿಡುವ ಕಾರ್ಯವು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ನಡೆದೇ ಇರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅರಿಸಿನ ಕುಂಕುಮಗಳ ನಡುವೆ ವರ್ಷಕ್ಕೊಮ್ಮೆ ಹೊರಬಂದು ಮತ್ತೆ ಪೆಟ್ಟಿಗೆ ಸೇರುವ ರಾಣಿ ಛಾಪಿನ ರೂಪಾಯಿ, ನೆರೆಯ ಮರಾಠೀ ಗೃಹಿಣಿಯರು ಇಂದಿಗೂ ಗೌರವದಿಂದ ‘ಬಂದಾ ರುಪಯಾ’ ಎಂದು ಕರೆಯುವ ಅಪ್ಪಟ ಬೆಳ್ಳಿಯ ಬಿಲ್ಲೆ, ಇವುಗಳನ್ನು ಯಾರೂ ಓದುವುದಿಲ್ಲ, ಪೂಜಿಸುತ್ತಾರೆ. ನಮ್ಮ ಮನೆಯಲ್ಲಿ ಅಂಥವು ಎರಡಿದ್ದವು. ಅವುಗಳಿಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬೀಳುತ್ತಿದ್ದುದು ಅಜ್ಜಿಯ ಪುಟ್ಟ ತಕ್ಕಡಿಯ ಜೊತೆಗಿದ್ದ, ದಪ್ಪನಾದ, ಅಂಚು ಸೊಟ್ಟಗಾದ ತಾಮ್ರದ ಒಂದು ಬಿಲ್ಲೆ. ಓಣಿಯ ಮಕ್ಕಳಿಗೆಲ್ಲ ಅಜ್ಜಿಯೇ ಕುಟ್ಟಿ ಕೊಡುತ್ತಿದ್ದ ಕೆಮ್ಮಿನ ಔಷಧಕ್ಕೆ ‘ಒಂದು ಶಿವರಾಯಿ ತೂಕ ಶುಂಠಿ, ಅರ್ಧ ಶಿವರಾಯಿ ತೂಕ ಹಿಪ್ಪಲಿ’ ಎಂಬ ಲೆಕ್ಕ. ಶಿವರಾಯಿ ಎಂದರೆ ಒಂದು ತೂಕದ ಕಲ್ಲಿನ ಹೆಸರೆಂದೇ ನಾನು ಬಹುಕಾಲ ತಿಳಿದಿದ್ದೆನು. ಅದರ ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’ ಎಂದೂ ಇನ್ನೊಂದರಲ್ಲಿ ‘ಛತ್ರಪತಿ’ ಎಂದೂ ನಾಗರಾಕ್ಷರಗಳಿರುವುದು, ಶಿವಾಜಿ ಮಹಾರಾಜರ ಹೆಸರಿನ ಈ ತಾಮ್ರದ ದುಡ್ಡನ್ನು ಅವರ ತರುವಾಯವೂ ಅಚ್ಚುಹಾಕುತ್ತಲೇ ಬಂದು ಹತ್ತೊಂಬತ್ತನೆಯ ಶತಮಾನದವರೆಗೂ ಸಂತೆಗಳಲ್ಲಿ ಚಲಾವಣೆಯಾಗುತ್ತಿದ್ದುದು, ಇವೆಲ್ಲ ನನಗೆ ತಿಳಿದದ್ದು ಊರು ಬಿಟ್ಟ ಎಷ್ಟೋ ವರ್ಷಗಳ ಮೇಲೆ.

ಒಂದು ದಿನ ಡೊಂಬಿವಲಿಯ ಪಕ್ಕದ ಕಲ್ಯಾಣದ ಪೇಟೆಯಲ್ಲಿ, ಬೆಳ್ಳಿಯ ಕಾಲುಂಗುರಗಳನ್ನು ಬದಲಾಯಿಸಿಕೊಳ್ಳುವುದಕ್ಕೆಂದು ನನ್ನ ಹೆಂಡತಿಯು ಹಿಡಿದ ಸರಾಫನ ಅಂಗಡಿಯಲ್ಲಿ, ಕರಗಿಸುವುದಕ್ಕೆಂದು ಎತ್ತಿಟ್ಟ ಮುರುಕು ಬೆಳ್ಳಿಯ ಬಟ್ಟಲೊಳಗೆ ಗುಂಡಿಗಳಂತಹ ಮೂರು ಚೂರುಗಳನ್ನು ಕಂಡೆನು. ಏನೆಂದು ಕೇಳಿದುದಕ್ಕೆ ಸರಾಫನು ತಲೆಯೆತ್ತದೆ, ‘ಗಧಿಯಾ ಆಹೇ ಸಾಹೇಬ, ವಿತಳವಾಯಚಂ ಆಹೇ’ ಎಂದನು. ಗಧಿಯಾ ನಾಣ್ಯ, ಕರಗಿಸಬೇಕಾದ ಮಾಲು ಎಂದು ಅರ್ಥ. ಒಂದು ಬದಿಯಲ್ಲಿ ಚುಕ್ಕೆಗಳೂ ಬಾಗಿದ ಗೆರೆಗಳೂ. ಇನ್ನೊಂದರಲ್ಲಿ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಪೇರಿಸಿದ ಅಡ್ಡಗೀಟುಗಳು. ಅಕ್ಷರವಿಲ್ಲ, ದೇವರಿಲ್ಲ, ಪ್ರಾಣಿಯಿಲ್ಲ. ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟಿಸಿ ಮೂರನ್ನೂ ಕೊಂಡೆನು. ಹೆಂಡತಿಯು ಆ ದಿನ ಹೇಳಿದ ಮಾತನ್ನು ಬಾನುಲಿಯಲ್ಲಿ ಹೇಳಲಾಗದು.

ಮರುದಿನದಿಂದ ಡೊಂಬಿವಲಿಯಿಂದ ಮುಂಬಯಿಯ ಕೋಟೆಭಾಗದ ಕಚೇರಿಗೆ ಹೋಗುವ ಲೋಕಲ್ ರೈಲಿನಲ್ಲಿ, ನಾಲ್ಕನೆಯವನಾಗಿ ಬೆಂಚಿನ ತುದಿಯಲ್ಲಿ ಅರ್ಧ ಕುಳಿತು ಅರ್ಧ ನಿಂತು, ಆ ಮೂರು ಚೂರುಗಳನ್ನು ಅಂಗೈಯಲ್ಲಿ ತಿರುವಿಹಾಕುವುದೇ ನನ್ನ ಉದ್ಯೋಗವಾಯಿತು. ವಾರಗಳ ಮೇಲೆ, ಮುಂಬಯಿಯ ಒಂದು ಗ್ರಂಥಾಲಯದಲ್ಲಿ ಪುಸ್ತಕದ ಚಿತ್ರಫಲಕವೊಂದನ್ನು ತೆರೆದಾಗ ಗುಟ್ಟು ಬಯಲಾಯಿತು. ಐದನೆಯ ಶತಮಾನದ ಪಾರಸೀಕ ಚಕ್ರವರ್ತಿ ಪೀರೋಜನ ಬೆಳ್ಳಿಯ ನಾಣ್ಯದಲ್ಲಿ ಒಂದು ಕಡೆ ಕಿರೀಟಧಾರಿಯಾದ ಅರಸನ ಮುಖ, ಇನ್ನೊಂದು ಕಡೆ ಅಗ್ನಿವೇದಿ, ಅದರ ಎರಡು ಪಕ್ಕಗಳಲ್ಲಿ ಕಾವಲುಗಾರರು. ಹೂಣರ ಮೂಲಕ ಅದು ಈ ದೇಶಕ್ಕೆ ಬಂದಿತು. ಇಲ್ಲಿನವರು ಅದನ್ನು ನಕಲುಮಾಡಿದರು. ನಕಲನ್ನು ನೋಡಿ ಮತ್ತೊಬ್ಬನು ನಕಲುಮಾಡಿದನು. ಮೂಲವನ್ನು ಎಂದೂ ಕಂಡರಿಯದ ಅಕ್ಕಸಾಲೆಗಳು ಶತಮಾನಗಳ ಕಾಲ ಗುಜರಾತಿನಿಂದ ಕೊಂಕಣದವರೆಗೆ ಅಚ್ಚು ಕೊರೆಯುತ್ತ ಹೋದಂತೆ, ಅರಸನ ಮೂಗು ಒಂದು ಗೀಟಾಯಿತು, ಕಣ್ಣು ಚುಕ್ಕೆಯಾಯಿತು, ಕಿರೀಟ ಹಾರಿಹೋಯಿತು, ಅಗ್ನಿವೇದಿ ಏಣಿಯಾಯಿತು. ಆ ಪುಟವನ್ನು ನೋಡಿ ನನ್ನ ಮೂರು ಚೂರುಗಳತ್ತ ತಿರುಗಿದಾಗ, ಅದುವರೆಗೆ ಬರಿಯ ಚುಕ್ಕೆಯಾಗಿದ್ದುದು ನನ್ನನ್ನು ನೋಡಿತು. ಯಾವಾಗ ಸಂಗ್ರಾಹಕನಾದಿರೆಂದು ಯಾರಾದರೂ ಕೇಳಿದರೆ ನಾನು ಆ ಮಧ್ಯಾಹ್ನವನ್ನು ಹೇಳುತ್ತೇನೆ. ನಾಣ್ಯಗಳನ್ನು ಕೊಂಡ ದಿನವನ್ನಲ್ಲ.

ಈ ಗಧಿಯಾ ನಾಣ್ಯಗಳು ಕೈಸೇರಿದಂದಿನಿಂದ ನಾನು ವಾಸವಾಗಿದ್ದ ನೆಲವೇ ಬೇರೆಯಾಗಿ ಕಾಣತೊಡಗಿತು. ಇಲ್ಲಿ ಅವು ನಡೆಯುತ್ತಿದ್ದ ಕಾಲದಲ್ಲಿ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ತಲೆಯೆತ್ತಿದ ಈ ಮನೆತನದವರು ಶ್ರೀಸ್ಥಾನಕವೆಂದು ಕರೆದುಕೊಂಡ ಊರೇ ಇಂದಿನ ಠಾಣೆ. ಸಂಸ್ಕೃತದಲ್ಲಿ ಬರೆಯಿಸಿದ ಅವರ ಶಾಸನಗಳ ಬಿರುದಾವಳಿಯ ನಡುವೆ ‘ಗಂಡರಗಂಡ’, ‘ನನ್ನಿಸಮುದ್ರ’ ಎಂದು ಅಚ್ಚ ಕನ್ನಡವು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಮರಾಠೀ ಮಾತಿನ ಗದ್ದಲದ ಪ್ಲಾಟ್‌ಫಾರಮ್ಮಿನಲ್ಲಿ ಹಿಂದಿನಿಂದ ಯಾರೋ ‘ಏನ್ರೀ’ ಎಂದು ಕರೆದಂತೆ. 1787ರಲ್ಲಿ ಠಾಣೆಯ ಕೋಟೆಯಲ್ಲಿ, ಈಗ ಕಾರಾಗೃಹವಾಗಿರುವ ಆ ಕೋಟೆಯಲ್ಲಿ, ಅಡಿಪಾಯಕ್ಕಾಗಿ ಅಗೆಯುತ್ತಿರುವಾಗ ದೊರೆತ ಅರಿಕೇಸರಿಯೆಂಬ ಶಿಲಾಹಾರ ಅರಸನ ಶಕ 939ರ ತಾಮ್ರಶಾಸನವು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮೊತ್ತಮೊದಲ ಸಂಪುಟದಲ್ಲಿಯೇ ಅಚ್ಚಾಯಿತು. ಕಲ್ಯಾಣಕ್ಕೆ ಮೂರೇ ನಿಲ್ದಾಣಗಳ ದೂರದ ಅಂಬರನಾಥದಲ್ಲಿ ಶಕ 982ರ, ಎಂದರೆ ಕ್ರಿ. ಶ. 1060ರ, ಶಿಲಾಹಾರ ಅರಸ ಮುಮ್ಮುಣಿಯ ಶಾಸನವನ್ನು ಹೊತ್ತು ನಿಂತ ಶಿವಾಲಯವುಂಟು. ಅದರ ಕಲ್ಲುಕುಟಿಗರ ಕೂಲಿಯ ಚೀಲದಲ್ಲಿ ಇಂಥ ಮುಖವಳಿದ ಬಿಲ್ಲೆಗಳು ಝಣಝಣಿಸಿರಬಾರದೇಕೆ ಎಂದು ನಾನು ಅಲ್ಲಿನ ಮೆಟ್ಟಿಲ ಮೇಲೆ ಕುಳಿತು ಎಷ್ಟೋ ಸಂಜೆ ಯೋಚಿಸಿದ್ದೇನೆ. ಇದು ಊಹೆ, ಊಹೆಯೆಂದು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಇನ್ನು ನನ್ನ ಅಪರಾಧಗಳು. ಮೊದಲನೆಯದು ಹುಣಿಸೆಹಣ್ಣಿನದು. ಮುಂಬಯಿಯ ಕೋಟೆಭಾಗದ ಕಾಲುದಾರಿಯಲ್ಲಿ ವಸ್ತ್ರ ಹಾಸಿ ಕುಳಿತವನಿಂದ ಸಾತವಾಹನರ ಕಾಲದ ತಾಮ್ರದ ನಾಣ್ಯವೊಂದನ್ನು ಕೊಂಡು ತಂದೆನು. ಸೊಂಡಿಲೆತ್ತಿದ ಆನೆ, ಅದರ ಮೇಲೆ ಅರ್ಧವರ್ತುಲದಲ್ಲಿ ಬ್ರಾಹ್ಮೀ ಅಕ್ಷರಗಳು, ಎಲ್ಲಕ್ಕೂ ಮೇಲೆ ಗಿಣಿಹಸುರಿನ ತೆಳುವಾದ ಕಿಲುಬು. ದೇವರ ಪಾತ್ರೆಗಳನ್ನು ಬೆಳಗುವ ಹುಣಿಸೆಹುಳಿಯಲ್ಲಿ ಅದನ್ನು ಒಂದು ರಾತ್ರಿ ನೆನೆಯಿಟ್ಟು ಬೆಳಗ್ಗೆ ಬೂದಿಯಿಂದ ತಿಕ್ಕಿದೆನು. ನಾಣ್ಯವು ಹೊಸ ತಂಬಿಗೆಯ ತಳದಂತೆ ಕೆಂಪಗೆ ಹೊಳೆಯಿತು; ಅಕ್ಷರಗಳು ಹೋಗಿದ್ದವು. ಲೋಹವು ಶತಮಾನಗಳಿಂದ ಮಣ್ಣಿನೊಡನೆ ಬೆರೆತು ಕಟ್ಟಿಕೊಂಡ ಕಿಲುಬಿನಲ್ಲಿಯೇ ಎಷ್ಟೋ ವೇಳೆ ಅಕ್ಷರದ ಉಬ್ಬು ಉಳಿದಿರುತ್ತದೆ, ಅದನ್ನು ತೆಗೆದರೆ ಮಾತೇ ಹೋಯಿತು, ಎಂದು ನನಗೆ ಮೊದಲೇ ಹೇಳುವವರು ಇರಲಿಲ್ಲ. ಎರಡನೆಯದು ದುರಾಸೆಯದು. ಶಿವಾಜಿ ಮಹಾರಾಜರು 1674ರ ಪಟ್ಟಾಭಿಷೇಕದ ಸಂದರ್ಭದಲ್ಲಿ ಹೊರಡಿಸಿದ ಚಿನ್ನದ ‘ಹೋನ್’ ಎಂಬ ನಾಣ್ಯವು ಅತ್ಯಂತ ವಿರಳವಾದುದು. ಆ ಹೋನ್ ಎಂಬುದು ನಮ್ಮ ಹೊನ್ನಲ್ಲದೆ ಬೇರೆಯಲ್ಲವೆಂಬ ಅಭಿಮಾನವೂ ಸೇರಿ, ನವಿ ಮುಂಬಯಿಯಲ್ಲಿ ಒಬ್ಬ ವ್ಯಾಪಾರಿಯು ಗುಟ್ಟಾಗಿ ತೋರಿಸಿದ ಒಂದಕ್ಕೆ ಎರಡು ತಿಂಗಳ ಸಂಬಳವನ್ನು ಸುರಿದೆನು. ಅಚ್ಚೊತ್ತಿದ ನಾಣ್ಯದಲ್ಲಿ ಸುತ್ತಿಗೆಯ ಏಟಿಗೆ ಲೋಹವು ಹರಿದು ಅಕ್ಷರದ ಅಂಚು ಚೂಪಾಗಿ ನಿಲ್ಲುತ್ತದೆ. ಎರಕದ ನಕಲಿಯಲ್ಲಿ ಅದು ಕರಗಿದ ಸಾಬೂನಿನಂತೆ ಮೊಂಡಾಗಿ, ಪಕ್ಕದಲ್ಲಿ ಎರಡು ಅಚ್ಚುಗಳು ಕೂಡಿದ ಗೆರೆಯೊಂದು ಕಾಣುತ್ತದೆ. ಈ ಜ್ಞಾನಕ್ಕೆ ನಾನು ತೆತ್ತ ಶುಲ್ಕ ಅದು. ಆ ನಕಲಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಹೊಸಬರಿಗೆ ಮೊದಲು ತೋರಿಸುವುದು ಅದನ್ನೇ.

ಅಳಿಸಿಹೋದ ಆ ಅಕ್ಷರಗಳ ಪ್ರಾಯಶ್ಚಿತ್ತಕ್ಕಾಗಿ ಬ್ರಾಹ್ಮೀ ಲಿಪಿಯನ್ನು ಕಲಿತೆನು. ಕನ್ನಡಿಗನಿಗೆ ಇದು ತೀರ ಹೊರಗಿನ ವಿದ್ಯೆಯಲ್ಲ. ನಮ್ಮ ಲಿಪಿಯು ಅದರ ವಂಶದ್ದೇ. ಹಾಗೆ ಕಲಿತ ಮೇಲೆ ಜೋಗಳಟೆಂಭಿಯ ನಿಕ್ಷೇಪದ ನಾಣ್ಯವೊಂದನ್ನು ಗಾಜಿನ ಹಿಂದೆ ನೋಡಿದ ಅನುಭವವನ್ನು ಹೇಳದೆ ಮುಂದೆ ಹೋಗಲಾರೆ. ಕಲ್ಯಾಣದಿಂದ ಕಸಾರಾ ಘಟ್ಟವನ್ನು ಹತ್ತಿದರೆ ಸಿಗುವ ನಾಸಿಕ ಜಿಲ್ಲೆಯ ಹಳ್ಳಿ ಅದು. 1906ರಲ್ಲಿ ಅಲ್ಲಿ 13,000ಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳು ಒಮ್ಮೆಗೇ ದೊರೆತವು. ಎಲ್ಲವೂ ಕ್ಷಹರಾತ ವಂಶದ ಅರಸ ನಹಪಾನನವು. ಒಂದು ಕಡೆ ಅವನ ಮುಖ, ಅದರ ಸುತ್ತ ಗ್ರೀಕ ಲಿಪಿ, ಇನ್ನೊಂದು ಕಡೆ ಬ್ರಾಹ್ಮೀ ಮತ್ತು ಖರೋಷ್ಠೀ. ಆದರೆ ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ, ಅವನನ್ನು ಸೋಲಿಸಿದ ಸಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿಯು ತನ್ನ ಅಚ್ಚನ್ನು ಮತ್ತೊಮ್ಮೆ ಒತ್ತಿಸಿದ್ದನು: ಮೂರು ಕಮಾನುಗಳ ಗುಡ್ಡ, ಉಜ್ಜಯಿನೀ ಚಿಹ್ನೆ, ‘ರಾಞೋ ಗೋತಮಿಪುತಸ ಸಿರಿ ಸಾತಕಣಿಸ’ ಎಂಬ ಪ್ರಾಕೃತ. ಕರಗಿಸಿ ಹೊಸದಾಗಿ ಎರೆಯುವುದಕ್ಕೆ ವ್ಯವಧಾನವಿಲ್ಲದೆಯೋ, ಸೋತವನ ಮುಖದ ಮೇಲೆಯೇ ತನ್ನ ಹೆಸರಿರಲೆಂಬ ಹಟದಿಂದಲೋ, ಅಂತೂ ಆ ಒತ್ತಡಕ್ಕೆ ಹಳೆಯ ಮುಖವು ಪೂರ್ತಿಯಾಗಿ ಅಳಿಯಲಿಲ್ಲ. ನಾನು ಕಂಡ ನಾಣ್ಯದಲ್ಲಿ ಗುಡ್ಡದ ಬುಡದಿಂದ ನಹಪಾನನ ಮೂಗು ಇಣುಕುತ್ತಿದ್ದಿತು. ಮತ್ತೊಂದರಲ್ಲಿ ಕಿವಿಯೂ ಕೇಶದ ಒಂದು ಸುರುಳಿಯೂ. ಒಂದು ಯುದ್ಧದ ಮೊದಲೂ ಕೊನೆಯೂ ಒಂದೇ ಬೆಳ್ಳಿಯ ತುಂಡಿನಲ್ಲಿ, ಹೆಬ್ಬೆಟ್ಟಿನ ಉಗುರಿನಷ್ಟು ಜಾಗದಲ್ಲಿ. ಯಾವ ರಾಜನು ಯಾರನ್ನು ಗೆದ್ದನೆಂಬ ವಿವಾದವನ್ನು ಪಂಡಿತರು ಶಾಸನಗಳಿಂದ ಎಷ್ಟು ವಾದಿಸಿದರೂ, ಅದಕ್ಕೆ ಇಷ್ಟು ನೇರವಾದ ಉತ್ತರವನ್ನು ಕೊಟ್ಟುದು ಆ ಹಳ್ಳಿಯ ಮಣ್ಣು.

ಅಷ್ಟು ನಾಣ್ಯಗಳು ಒಂದೇ ಸ್ಥಳದಲ್ಲಿ, ಒಂದೇ ರಾಶಿಯಾಗಿ ದೊರೆತವೆಂಬುದರಲ್ಲಿಯೇ ಆ ಉತ್ತರದ ಬಲವಿರುವುದು. ಒಂದೊಂದಾಗಿ ಒಬ್ಬೊಬ್ಬ ಸರಾಫನ ಮೂಸೆಗೆ ಹೋಗಿದ್ದರೆ ಅದು ಬರಿಯ ಬೆಳ್ಳಿ. ನಾಣ್ಯಕ್ಕಿಂತ ಅದು ಸಿಕ್ಕ ಜಾಗವು ದೊಡ್ಡದೆಂಬ ಈ ಮಾತನ್ನು ನನಗೆ ಮನಗಾಣಿಸಿದವರು ಪಂಡಿತ ಭಗವಾನಲಾಲ ಇಂದ್ರಜಿಯವರು. 1839ರಲ್ಲಿ ಜುನಾಗಢದಲ್ಲಿ ಹುಟ್ಟಿದ ಆ ಬಾಲಕನಿಗೆ ಗಿರನಾರದ ಬಂಡೆಯ ಮೇಲಿನ, ಊರಿನವರಾರೂ ಓದಲಾರದ ಅಕ್ಷರಗಳೇ ಗುರುವಾದವು. ಮುಂಬಯಿಯ ಡಾಕ್ಟರ್ ಭಾವೂ ದಾಜಿಯವರ ಕೈಕೆಳಗೆ ಸೇರಿ ದೇಶವನ್ನೆಲ್ಲ ಸುತ್ತಿ ಶಾಸನಗಳನ್ನು ಪಡಿಯಚ್ಚು ತೆಗೆದು, ನಾಣ್ಯಗಳನ್ನು ಕೂಡಿಸಿ, 1888ರಲ್ಲಿ ತೀರಿಕೊಂಡಾಗ ಆ ಸಂಗ್ರಹವನ್ನು ಬ್ರಿಟಿಷ್ ಮ್ಯೂಜಿಯಮ್ಮಿಗೆ ಬಿಟ್ಟುಹೋದರು. ಆ ಕಾಲಕ್ಕೆ ಠಾಣೆ ಜಿಲ್ಲೆಗೇ ಸೇರಿದ್ದ ಸೋಪಾರೆಯಲ್ಲಿ, ಊರವರು ‘ಬುರುಡ ರಾಜನ ಕೋಟೆ’ ಎಂದು ಕರೆಯುತ್ತಿದ್ದ ದಿಬ್ಬವನ್ನು 1882ರಲ್ಲಿ ಅವರು ಅಗೆಸಿದಾಗ ಒಳಗೆ ಬೌದ್ಧಸ್ತೂಪ. ಅದರ ಗರ್ಭದಲ್ಲಿ ಕಲ್ಲಿನ ಭರಣಿ. ಅದರೊಳಗೆ ತಾಮ್ರ, ಬೆಳ್ಳಿ, ಸ್ಫಟಿಕ, ಚಿನ್ನ ಎಂದು ಒಂದರೊಳಗೊಂದು ಕರಂಡಕಗಳು. ಅವುಗಳೊಡನೆ ಯಜ್ಞಶ್ರೀ ಶಾತಕರ್ಣಿಯ ಒಂದೇ ಒಂದು ಬೆಳ್ಳಿಯ ನಾಣ್ಯ. ಅರಸನ ಮುಖವಿರುವ ಸಾತವಾಹನರ ಈ ಬಗೆಯ ನಾಣ್ಯಗಳಲ್ಲಿ ಒಂದು ಬದಿ ಪ್ರಾಕೃತವೂ ಇನ್ನೊಂದು ಬದಿ ದ್ರಾವಿಡ ವರ್ಗದ ಭಾಷೆಯೂ ಇರುವುದುಂಟು. ಅಂಥದೇ ನಾಣ್ಯವು ಪೇಟೆಯಲ್ಲಿ ಹಣ ಕೊಟ್ಟರೆ ಇಂದಿಗೂ ಸಿಕ್ಕೀತು. ಆದರೆ ಆ ಒಂದು ಮಾತ್ರ ಆ ಸ್ತೂಪದ ಕಾಲಕ್ಕೆ ಸಾಕ್ಷಿ ನುಡಿಯಬಲ್ಲುದು.

ನಮ್ಮ ಧಾರವಾಡದ ಸೀಮೆಗೂ ಇಂಥ ಒಬ್ಬನಿದ್ದನು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯು ಬಿದ್ದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಬಿಡುಗಡೆಯಾಗಿ ಧಾರವಾಡದಲ್ಲಿಯೇ ಉಳಿದು ನೂರಾರು ಕನ್ನಡ ಶಾಸನಗಳನ್ನು ಪ್ರತಿಮಾಡಿಸಿದ ಆತನು, ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ತನ್ನ ಗ್ರಂಥವನ್ನು ಹೊರತಂದುದು ಎಂಬತ್ತು ದಾಟಿದ ಮೇಲೆ, ಕಣ್ಣು ಬಹುಮಟ್ಟಿಗೆ ಹೋದ ಮೇಲೆ. ಚಾಲುಕ್ಯರ ವರಾಹವನ್ನೂ, ನಮ್ಮ ಲಕ್ಕುಂಡಿಯ, ಎಂದರೆ ಲೊಕ್ಕಿಗುಂಡಿಯ, ಟಂಕಸಾಲೆಯ ಗದ್ಯಾಣವನ್ನೂ ಬಲ್ಲ ಸೀಮೆಯಲ್ಲಿ ಹುಟ್ಟಿಯೂ ನನಗೆ ನಾಣ್ಯದ ಹುಚ್ಚು ಹಿಡಿಯುವುದಕ್ಕೆ ಕಲ್ಯಾಣದ ಸರಾಫನೇ ಬೇಕಾದುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆದರೆ ಕಲ್ಯಾಣವೇನು ಕಡಿಮೆಯ ಊರೆ? ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಹೆಸರಿಲ್ಲದ ಗ್ರೀಕ ನಾವಿಕನೊಬ್ಬನು ಬರೆದ ‘ಪೆರಿಪ್ಲಸ್’ ಎಂಬ ಪುಸ್ತಕದಲ್ಲಿ ‘ಕಲ್ಲಿಯೇನ’ ಎಂಬ ಹೆಸರಿನಿಂದ ಈ ಬಂದರು ಬರುತ್ತದೆ. ಹಿರಿಯ ಸರಗನನೆಂಬ ಅರಸನ ಕಾಲದಲ್ಲಿ ಇಲ್ಲಿ ವ್ಯಾಪಾರವು ನಿರ್ಬಾಧವಾಗಿದ್ದಿತೆಂದೂ, ಆಮೇಲೆ ದಾರಿತಪ್ಪಿ ಇಲ್ಲಿಗೆ ಬಂದ ಗ್ರೀಕ ಹಡಗುಗಳನ್ನು ಕಾವಲಿನೊಡನೆ ಭರುಕಚ್ಛಕ್ಕೆ, ಎಂದರೆ ಇಂದಿನ ಭರೂಚಿಗೆ, ಅಟ್ಟುತ್ತಿದ್ದರೆಂದೂ ಆತನು ದೂರುತ್ತಾನೆ. ಕಾನ್ಹೇರಿಯ ಗುಹೆಗಳಲ್ಲಿ ಕಲ್ಯಾಣದ ದಾನಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಇನ್ನು ನವಿ ಮುಂಬಯಿಯ ದಕ್ಷಿಣದ ಅಂಚಿಗೆ, ನ್ಹಾವಾ ಶೇವಾ ಬಂದರಿನ ಎದುರಿಗೆ ನೀರಿನಲ್ಲಿ ಕುಳಿತ ಘಾರಾಪುರಿಯಲ್ಲಿ ಆರನೆಯ ಶತಮಾನದ ಕಳಚುರಿ ಕೃಷ್ಣರಾಜನ ನಾಣ್ಯಗಳು ಸಿಕ್ಕಿವೆ. ಈ ಕೃಷ್ಣರಾಜನ ಬೆಳ್ಳಿಯ ನಾಣ್ಯವು ಎಷ್ಟು ನಂಬಿಕೆ ಗಳಿಸಿದ್ದಿತೆಂದರೆ, ಅವನು ತೀರಿ ಹೆಚ್ಚುಕಡಿಮೆ ಒಂದೂವರೆ ಶತಮಾನವಾದ ಮೇಲೆ, ಬಾದಾಮಿಯ ಚಾಲುಕ್ಯರಿಗೆ ಅಧೀನನಾಗಿದ್ದ ಭೋಗಶಕ್ತಿಯು ಬರೆಯಿಸಿದ ಅಂಜನೇರಿಯ ತಾಮ್ರಶಾಸನದಲ್ಲಿ ಕಂದಾಯದಂಡಗಳನ್ನು ‘ಕೃಷ್ಣರಾಜ ರೂಪಕ’ಗಳಲ್ಲಿಯೇ ಲೆಕ್ಕಹಾಕಿದೆ. ರಾಜ್ಯ ಹೋಯಿತು, ವಂಶ ಹೋಯಿತು, ಸಂತೆಯವರ ಬಾಯಲ್ಲಿ ದುಡ್ಡಿನ ಹೆಸರು ಉಳಿಯಿತು. ಶಿವರಾಯಿಯ ಕಥೆಯೂ ಇದೇ ಅಲ್ಲವೆ?

ಇಂಥ ನೆಲದಲ್ಲಿ ಈಗ ಹಗಲೂ ರಾತ್ರಿಯೂ ಅಡಿಪಾಯ ತೋಡುತ್ತಿದ್ದಾರೆ. ಹೂತಿಟ್ಟ ನಿಧಿಯು ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯದಾದರೆ ಜಿಲ್ಲೆಯ ಕಲೆಕ್ಟರಿಗೆ ತಿಳಿಸತಕ್ಕುದೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ನೂರು ವರ್ಷಗಳಿಗೆ ಹಿಂದಿನ ನಾಣ್ಯವನ್ನು ದೇಶದ ಹೊರಗೆ ಒಯ್ಯುವುದನ್ನು 1972ರ ಕಾಯಿದೆ ತಡೆಯುತ್ತದೆ. ಮಣ್ಣಿನ ಗಡಿಗೆಯೊಂದು ಯಂತ್ರದ ಹಲ್ಲಿಗೆ ಸಿಕ್ಕಿ ಒಡೆದಾಗ ಅಲ್ಲಿದ್ದವರು ಕಾಯಿದೆಯನ್ನು ನೆನೆಯುತ್ತಾರೆಂಬ ಭ್ರಮೆ ನನಗಿಲ್ಲ. ನನ್ನ ಬಳಿಗೆ ಯಾರಾದರೂ ಮಣ್ಣು ಮೆತ್ತಿದ ನಾಣ್ಯಗಳನ್ನು ತಂದರೆ ಕೊಳ್ಳದೆ, ಬೈಯದೆ, ಕಲೆಕ್ಟರ ಕಚೇರಿಯ ದಾರಿಯನ್ನು ತೋರಿಸುತ್ತೇನೆ. ಅವರು ಆ ದಾರಿಯಲ್ಲಿ ಹೋದರೋ ಇಲ್ಲವೋ ವಿಚಾರಿಸಿದವನಲ್ಲ; ಇದು ನನ್ನ ಹೇಡಿತನವೆಂದು ಕೆಲವು ಸ್ನೇಹಿತರು ಹೇಳುತ್ತಾರೆ, ಇರಬಹುದು.

ಹೀಗೆ ನಡೆದು ಬಂದುದರ ಫಲವಾಗಿ ನನ್ನ ಮನೆಯಲ್ಲಿ ನಾಣ್ಯಗಳಿಗಿಂತ ಚೀಟಿಗಳಿಗೆ ಹೆಚ್ಚಿನ ಮರ್ಯಾದೆ. ಪ್ರತಿಯೊಂದು ನಾಣ್ಯವೂ ಒಂದೊಂದು ಕಾಗದದ ಲಕೋಟೆಯಲ್ಲಿ. ಅದರ ಮೇಲೆ ಲೋಹ, ತೂಕ, ಕೊಂಡ ದಿನ, ಯಾರ ಕೈಯಿಂದ, ಅವರಿಗೆ ಎಲ್ಲಿಂದ ಬಂದಿತೆಂದು ಅವರು ಹೇಳಿದರು, ಆ ಮಾತನ್ನು ನಾನು ಎಷ್ಟು ನಂಬಿದೆನು, ಎಲ್ಲವೂ ಬರೆದಿದೆ. ಮೂರು ಗಧಿಯಾಗಳ ಚೀಟಿಯಲ್ಲಿ ‘ಕಲ್ಯಾಣ, ಸರಾಫನ ಬಟ್ಟಲು, ಅದಕ್ಕೆ ಹಿಂದಿನದು ತಿಳಿಯದು’ ಎಂದಿದೆ. ನಕಲಿ ಹೋನಿಗೂ ಚೀಟಿಯುಂಟು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಇವುಗಳನ್ನೆಲ್ಲ ಸರಿಪಡಿಸುತ್ತಿರುವಾಗ ಅಜ್ಜಿಯ ಶಿವರಾಯಿಗೆ ಮಾತ್ರ ಚೀಟಿಯಿಲ್ಲದಿರುವುದು ಗಮನಕ್ಕೆ ಬಂದಿತು. ಕಂಡ ಕಂಡ ಅಂಗಡಿಕಾರರನ್ನೆಲ್ಲ ‘ಇದು ಎಲ್ಲಿಂದ ಬಂತು’ ಎಂದು ಪೀಡಿಸಿದವನು ಅಜ್ಜಿಯನ್ನು ಒಂದು ದಿನವೂ ಕೇಳಿರಲಿಲ್ಲ. ತವರಿನಿಂದ ತಂದದ್ದೋ, ಅತ್ತೆಯಿಂದ ಬಂದದ್ದೋ, ಹೇಳಬಲ್ಲವರು ಈಗ ಯಾರೂ ಇಲ್ಲ. ಹೊಸ ಯಂತ್ರದ ತಕ್ಕಡಿಯಲ್ಲಿಟ್ಟು ನೋಡಿದೆನು. ಹನ್ನೊಂದು ಗ್ರಾಮಿಗೆ ತುಸು ಕಡಿಮೆ. ‘ಶಿವರಾಯಿ, ತಾಮ್ರ’ ಎಂದು ಬರೆದು, ಸ್ಥಳದ ಮುಂದೆ ಬಹಳ ಹೊತ್ತು ಲೇಖನಿಯನ್ನು ಹಿಡಿದು ಕುಳಿತು, ‘ಅಜ್ಜಿಯ ತಕ್ಕಡಿ’ ಎಂದು ತುಂಬಿದೆನು. ಅಷ್ಟರಲ್ಲಿ ಮೊಮ್ಮಗನಿಗೆ ಕೆಮ್ಮೆಂದು ಸೊಸೆಯು ಅಡುಗೆಮನೆಯಿಂದ, ‘ಮಾವಾ, ಶುಂಠಿ ಎಷ್ಟು ಹಾಕಬೇಕಿತ್ತು?’ ಎಂದು ಕೇಳಿದಳು. ಲಕೋಟೆಯನ್ನು ಅಂಟಿಸದೆ ಎದ್ದು ಹೋದೆನು.